ಚಿಪ್ ಅಸಲಿಯೋ, ನಕಲಿಯೋ?

ಪ್ರಶ್ನೆ: ಪೀಣ್ಯದಲ್ಲಿ ಮೋಟಾರ್ ಕಂಟ್ರೋಲರ್ ತಯಾರಿಸುತ್ತೇನೆ. ಮಧ್ಯವರ್ತಿಯಿಂದ ಕೊಂಡ ಮೈಕ್ರೊಕಂಟ್ರೋಲರ್‌ಗಳು ಕೈಕೊಡುತ್ತಿವೆ. ಐಡಿ ಓದಿ ಅಸಲಿ ಎಂದು ನಂಬಬಹುದೇ?

ಉತ್ತರ: ಐಡಿಯೊಂದನ್ನೇ ನಂಬಬೇಡಿ. ಎಸ್‌ಟಿಎಂ32 ಚಿಪ್‌ನಲ್ಲಿ 96 ಬಿಟ್‌ಗಳ ವಿಶಿಷ್ಟ ಸಂಖ್ಯೆ ಇರುತ್ತದೆ, ನಿಜ. ಆದರೆ ಯಾರು ಬೇಕಾದರೂ ಓದಬಹುದಾದ ಸಂಖ್ಯೆಯನ್ನು ನಕಲಿ ಚಿಪ್‌ಗೂ ತುಂಬಬಹುದು. ಎರಡು ಚಿಪ್‌ಗಳಲ್ಲಿ ಒಂದೇ ಸಂಖ್ಯೆ ಸಿಕ್ಕರೆ ಮೋಸ ಖಚಿತ. ಬೇರೆಬೇರೆ ಇದ್ದ ಮಾತ್ರಕ್ಕೆ ಅಸಲಿ ಎನ್ನಲಾಗದು.

ಇದಕ್ಕಿಂತ ಗಟ್ಟಿಯಾದ ಗುರುತು ‘ಪಫ್’ (ಫಿಸಿಕಲ್ ಅನ್‌ಕ್ಲೋನಬಲ್ ಫಂಕ್ಷನ್, ಅಂದರೆ ನಕಲು ಮಾಡಲಾಗದ ಭೌತಿಕ ಗುರುತು) ತಂತ್ರದ್ದು. ಒಂದೇ ವೇಫರ್‌ನಿಂದ ಬಂದ ಚಿಪ್‌ಗಳ ಟ್ರಾನ್ಸಿಸ್ಟರ್‌ಗಳಲ್ಲೂ ಸೂಕ್ಷ್ಮ ವ್ಯತ್ಯಾಸ ಇದ್ದೇ ಇರುತ್ತದೆ. ವಿದ್ಯುತ್ ಹರಿದ ಕ್ಷಣ ಚಿಪ್‌ನ ಮೆಮೊರಿಯಾದ ಎಸ್‌ರ್‍ಯಾಮ್‌ನ ಕೆಲವು ಕೋಶಗಳು 0 ಕಡೆಗೆ, ಕೆಲವು 1ರ ಕಡೆಗೆ ವಾಲುತ್ತವೆ. ಈ ವಿನ್ಯಾಸ ಬೆರಳಚ್ಚಿನಂತೆ ಪ್ರತಿ ಚಿಪ್‌ಗೂ ಬೇರೆ. ಅದರಿಂದ ಮೂಡುವ ಗುಟ್ಟಿನ ಕೀಲಿ ಹೊರಬರುವುದೇ ಇಲ್ಲ. ನೀವು ಕಳಿಸಿದ ಸವಾಲಿಗೆ ಉತ್ತರವಷ್ಟೇ ಬರುತ್ತದೆ. ಮುಂದಿನ ಬೋರ್ಡ್‌ಗೆ ಇಂಥ ಚಿಪ್ ಅಥವಾ ತಯಾರಕರ ಪ್ರಮಾಣಪತ್ರವಿರುವ ಸೆಕ್ಯೂರ್ ಎಲಿಮೆಂಟ್ (ಗುಟ್ಟಿನ ಕೀಲಿ ಕಾಪಾಡುವ ಚಿಪ್) ಆರಿಸಿ.

ಒಂದು ಎಚ್ಚರಿಕೆ: ಹಳೆಯ ಬೋರ್ಡ್‌ನಿಂದ ಕಿತ್ತ ಅಸಲಿ ಚಿಪ್ ಈ ಪರೀಕ್ಷೆಯಲ್ಲಿ ಪಾಸಾಗಿಬಿಡುತ್ತದೆ. ಆದ್ದರಿಂದ ಭೂತಗನ್ನಡಿ ಹಿಡಿದು ಕಾಲುಗಳಲ್ಲಿ ಹಳೆಯ ಬೆಸುಗೆ, ಮೇಲ್ಮೈಯಲ್ಲಿ ಉಜ್ಜಿದ ಗೀರು ಇವೆಯೇ ನೋಡಿ. ಅಧಿಕೃತ ವಿತರಕರಿಂದಲೇ ಕೊಳ್ಳಿ. ನಾಲ್ಕು ಕಾಸಿನ ಉಳಿತಾಯಕ್ಕೆ ಗಿರಾಕಿಗಳ ನಂಬಿಕೆ ಕಳೆದುಕೊಳ್ಳಬೇಡಿ.