ಹಳೆಯ ಲ್ಯಾಪ್‌ಟಾಪಿಗೆ ಹೊಸ ಡಿಸ್ಕು

ನಮ್ಮ ವಾಚನಾಲಯಕ್ಕೆ ಬರುವ ಬಂಧುಗಳಲ್ಲಿ ಹಲವರ ಮನೆಯಲ್ಲಿ ಒಂದೊಂದು ಹಳೆಯ ಲ್ಯಾಪ್‌ಟಾಪು ಅಟ್ಟ ಸೇರಿ ಕುಳಿತಿದೆ. ಆಫೀಸಿನಲ್ಲಿ ಹಳತಾಯಿತೆಂದು ಅಗ್ಗಕ್ಕೆ ಸಿಕ್ಕಿದ್ದೋ, ಮಗನ ಕಾಲೇಜಿಗೆಂದು ಕಂತಿನ ಮೇಲೆ ಕೊಂಡದ್ದೋ ಆಗಿರುತ್ತದೆ. ಗುಂಡಿ ಒತ್ತಿ, ಚಹಾ ಕಾಸಿ ಕುಡಿದು ಬಂದರೂ ಪರದೆಯ ಮೇಲೆ ಚಕ್ರ ತಿರುಗುತ್ತಲೇ ಇರುತ್ತದೆ. ಪರೀಕ್ಷೆಯ ಅರ್ಜಿ ತುಂಬುವ ಕಡೆಯ ದಿನ ಇಂಥ ಯಂತ್ರವನ್ನು ನಂಬಿ ಕುಳಿತವರ ಪಾಡು ನಮಗೆ ಗೊತ್ತಿದೆ. ಅದನ್ನು ಭಂಗಾರದವನ ತಕ್ಕಡಿಗೆ ಹಾಕುವ ಮುನ್ನ ಈ ಪಾಠವನ್ನೊಮ್ಮೆ ಓದಬೇಕೆಂದು ಕೋರುತ್ತೇವೆ. ಇಂಥ ಯಂತ್ರಗಳಲ್ಲಿ ಹೆಚ್ಚಿನವುಗಳ ರೋಗ ಒಂದೇ, ಮದ್ದೂ ಒಂದೇ. ಒಂದು ಭಾನುವಾರದ ಮಧ್ಯಾಹ್ನ ಸಾಕು.

ರೋಗವೆಲ್ಲಿದೆ ಎಂಬುದನ್ನು ಮೊದಲು ತಿಳಿಯೋಣ. ಹಳೆಯ ಲ್ಯಾಪ್‌ಟಾಪಿನೊಳಗೆ ಹಾರ್ಡ್ ಡಿಸ್ಕ್ ಎಂಬ ಪೆಟ್ಟಿಗೆಯುಂಟು. ಅದರೊಳಗೆ ನುಣ್ಣನೆಯ ತಟ್ಟೆಯೊಂದು ಸಾಮಾನ್ಯವಾಗಿ ನಿಮಿಷಕ್ಕೆ ೫,೪೦೦ ಸುತ್ತು ತಿರುಗುತ್ತದೆ. ಬರೆದದ್ದನ್ನು ಓದುವ ಮೊನೆಯು ಗ್ರಾಮಫೋನಿನ ಮುಳ್ಳಿನ ಹಾಗೆ ಅದರ ಮೇಲೆ ಹಿಂದೆ ಮುಂದೆ ಚಲಿಸುತ್ತದೆ. ಆದರೆ ತಟ್ಟೆಯನ್ನು ಮುಟ್ಟುವುದಿಲ್ಲ. ಲೆಕ್ಕ ಬಲ್ಲ ಗುಮಾಸ್ತ ಬಂಧುಗಳು ಭಾಗಿಸಿ ನೋಡಲಿ: ಒಂದು ಸುತ್ತಿಗೆ ಸೆಕೆಂಡಿನ ಸಾವಿರದ ಹನ್ನೊಂದು ಪಾಲು ಬೇಕು. ಬೇಕಾದ ಜಾಗ ಮೊನೆಯ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು, ಮೊನೆಯು ಸರಿದು ನಿಲ್ಲಲು ಅದರ ಎರಡರಷ್ಟು ಹೊತ್ತು. ಒಟ್ಟು ಸಾವಿರದ ಹದಿನಾರೂವರೆ ಪಾಲಿನಷ್ಟು ಹಿಡಿಯಿತು. ಅಂದರೆ ಅಲ್ಲಲ್ಲಿ ಚದುರಿದ ಕಡತಗಳನ್ನು ಸೆಕೆಂಡಿಗೆ ಸುಮಾರು ಅರವತ್ತರಂತೆ ಮಾತ್ರ ತರಬಲ್ಲದು. ಯಂತ್ರ ಏಳುವಾಗ ಬೇಕಾಗುವ ಚೂರುಗಳಾದರೋ ಹಲವು ಸಾವಿರ. ಉಳಿದ ಭಾಗಗಳೆಲ್ಲ ಈ ಒಬ್ಬ ಜವಾನನ ದಾರಿ ಕಾಯುತ್ತ ಸುಮ್ಮನೆ ಕುಳಿತಿರುತ್ತವೆ.

ಈಗ ಅದರ ಬದಲಿಗೆ ಬಂದಿರುವುದು ಎಸ್.ಎಸ್.ಡಿ. ಇದರಲ್ಲಿ ತಿರುಗುವುದಾಗಲಿ ಸರಿಯುವುದಾಗಲಿ ಏನೂ ಇಲ್ಲ, ಬರಿಯ ಚಿಪ್ಪುಗಳು. ಒಂದು ಚೂರನ್ನು ತರಲು ಅದಕ್ಕೆ ಬೇಕಾಗುವ ಹೊತ್ತು ಹಿಂದೆ ಹೇಳಿದ್ದರ ನೂರರಲ್ಲೊಂದು ಪಾಲಿಗಿಂತಲೂ ಕಡಿಮೆ. ೨೦೧೦ರ ಈಚಿನ ಬಹುಪಾಲು ಲ್ಯಾಪ್‌ಟಾಪುಗಳಲ್ಲಿ ಹಾರ್ಡ್ ಡಿಸ್ಕಿನ ಜಾಗದಲ್ಲೇ ಎರಡೂವರೆ ಅಂಗುಲದ 'ಸಾಟಾ' ಎಸ್.ಎಸ್.ಡಿ. ಸರಿಯಾಗಿ ಕೂರುತ್ತದೆ. ಮುಂಬಯಿಯ ಲ್ಯಾಮಿಂಗ್ಟನ್ ರಸ್ತೆ, ಚೆನ್ನೈಯ ರಿಚಿ ಸ್ಟ್ರೀಟ್, ದಿಲ್ಲಿಯ ನೆಹರು ಪ್ಲೇಸ್, ಯಾವ ಪೇಟೆಯಲ್ಲಿ ಕೇಳಿದರೂ ಸಿಗುವ ಸಾಮಾನು. ರಸೀದಿಯನ್ನೂ ವಾರಂಟಿಯನ್ನೂ ಕೇಳಿ ಪಡೆಯತಕ್ಕದ್ದು.

ರ‍್ಯಾಮ್ ಹೆಚ್ಚಿಸಿದರಾಗದೇ ಎಂದು ಕೇಳುವವರುಂಟು. ನಾಲ್ಕು ಜಿ.ಬಿ. ಮಾತ್ರ ಇದ್ದರೆ ಎಂಟು ಮಾಡುವುದು ಒಳ್ಳೆಯದೇ. ಆದರೆ ೨೦೨೫ರ ಕೊನೆಯ ತಿಂಗಳುಗಳಲ್ಲಿ ರ‍್ಯಾಮಿನ ಬೆಲೆ ಜಗತ್ತಿನಾದ್ಯಂತ ಒಮ್ಮೆಲೇ ಏರಿತು. ಕೃತಕ ಬುದ್ಧಿಮತ್ತೆಯ ದೊಡ್ಡ ದೊಡ್ಡ ಗಣಕ ಕೇಂದ್ರಗಳಿಗೆ ಚಿಪ್ಪು ಒದಗಿಸುವುದರಲ್ಲೇ ತಯಾರಕರಿಗೆ ಲಾಭ ಹೆಚ್ಚು. ಅದೇ ವರ್ಷ ಡಿಸೆಂಬರಿನಲ್ಲಿ ಮೈಕ್ರಾನ್ ಕಂಪನಿಯು 'ಕ್ರೂಶಿಯಲ್' ಹೆಸರಿನಲ್ಲಿ ಜನಸಾಮಾನ್ಯರಿಗೆ ಮಾರುತ್ತಿದ್ದ ವ್ಯಾಪಾರವನ್ನೇ ಕೈಬಿಡುವುದಾಗಿ ಸಾರಿತು. ಆದುದರಿಂದ ಮೊದಲು ಡಿಸ್ಕು, ಆಮೇಲೆ ಬೇಕಾದರೆ ರ‍್ಯಾಮ್ ಎಂಬುದು ನಮ್ಮ ಅಭಿಪ್ರಾಯ. (ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು ತಾವೇ ಕಟ್ಟಿ ೧೯೬೦ರಲ್ಲಿ ಪೂರ್ಣಗೊಳಿಸಿದ 'ಟಿಫ್ರಾಕ್' ಗಣಕದ ನೆನಪಿನ ಶಕ್ತಿ ೪೦ ಬಿಟ್ಟುಗಳ ೨,೦೪೮ ಪದಗಳು, ಅಂದರೆ ಹತ್ತು ಕೆ.ಬಿ. ಎಂಟು ಜಿ.ಬಿ. ಅದರ ಎಂಟು ಲಕ್ಷ ಪಟ್ಟಿಗೂ ಮಿಕ್ಕಿದ್ದು. ಆದರೂ ನಮಗೆ ಸಾಲದು!)

ಇನ್ನು ಕೆಲಸ. ಬಿಚ್ಚುವ ಮೊದಲು ಮನೆಯ ಕಾಗದಪತ್ರ, ಮಕ್ಕಳ ಫೋಟೋ ಮುಂತಾದವನ್ನು ಬೇರೊಂದು ಕಡೆ ನಕಲು ಮಾಡಿಕೊಳ್ಳಿ. ಯಂತ್ರವನ್ನು ಪೂರ್ತಿ ಆರಿಸಿ, ಚಾರ್ಜರ್ ಕಿತ್ತು, ಬೋರಲು ಹಾಕಿ. ಬ್ಯಾಟರಿ ಹೊರಗಿನಿಂದ ತೆಗೆಯುವಂಥದಾದರೆ ಮೊದಲು ಅದನ್ನು ತೆಗೆಯಿರಿ. ಒಳಗಿದ್ದರೆ ಮುಚ್ಚಳ ಬಿಚ್ಚಿದ ಕೂಡಲೆ ಅದರ ತಂತಿಯ ಕೊಂಡಿ ಕಳಚುವುದೇ ಮೊದಲ ಕೆಲಸ. ಅದು ಹೊಟ್ಟೆ ಉಬ್ಬಿಸಿಕೊಂಡಿದ್ದರೆ ಅಲ್ಲಿಗೇ ಕೈ ನಿಲ್ಲಿಸಬೇಕು. ಅದನ್ನು ಒತ್ತಕೂಡದು, ಚುಚ್ಚಕೂಡದು, ಚಾರ್ಜಿಗೆ ಹಾಕಕೂಡದು. ಲಿಥಿಯಂ ಬ್ಯಾಟರಿಗೆ ಬೆಂಕಿ ಹತ್ತಿದರೆ ಒಂದು ಖೋಲಿಯ ಮನೆಯಲ್ಲಿ ಓಡಲು ಎಡೆಯಿಲ್ಲ. ಅಂಥದನ್ನು ತಿಳಿದ ಕೆಲಸಗಾರನಿಂದ ತೆಗೆಸಿ ಇ-ತ್ಯಾಜ್ಯ ಸಂಗ್ರಹದವರಿಗೆ ಕೊಡತಕ್ಕದ್ದು; ಕಸದ ಬುಟ್ಟಿಗಲ್ಲ.

ಸ್ಕ್ರೂಗಳ ವಿಷಯದಲ್ಲಿ ಹೊಸಬರು ಬಹಳ ಉದಾಸೀನರು. ಗಿರಣಿಯಲ್ಲಿ ನುರಿತ ಫಿಟರು ಮಗ್ಗ ಬಿಚ್ಚುವಾಗ ನಾವು ನೋಡಿದ್ದೇವೆ: ಬಿಚ್ಚಿದ ಕ್ರಮದಲ್ಲೇ ಬಟ್ಟೆಯ ಮೇಲೆ ಸಾಲಾಗಿ ಇಡುತ್ತಾನೆ, ತಿರುಗಿ ಜೋಡಿಸುವಾಗ ಆ ಸಾಲನ್ನೇ ಹಿಂದಿನಿಂದ ಓದುತ್ತಾನೆ. ಲ್ಯಾಪ್‌ಟಾಪಿನ ಸ್ಕ್ರೂಗಳು ನೋಡಲು ಒಂದೇ, ಉದ್ದ ಬೇರೆ ಬೇರೆ. ಗಿಡ್ಡದರ ತೂತಿಗೆ ಉದ್ದದ್ದನ್ನು ಬಿಗಿದರೆ ಅದು ಒಳಗಿನ ಹಲಗೆಯನ್ನು ಚುಚ್ಚಿ, ಇದ್ದ ಯಂತ್ರವೂ ಹೋಗುತ್ತದೆ. ಮಿಠಾಯಿ ಡಬ್ಬಿಯ ರಟ್ಟಿನ ಮೇಲೆ ಲ್ಯಾಪ್‌ಟಾಪಿನ ಬೆನ್ನಿನ ಆಕಾರ ಬರೆದು, ಎಲ್ಲಿಂದ ತೆಗೆದಿರೋ ಅಲ್ಲೇ ಆ ಸ್ಕ್ರೂ ಚುಚ್ಚಿಡಿ. ಹತ್ತು ಪೈಸೆಯ ಖರ್ಚಿಲ್ಲ.

ಮುಚ್ಚಳದ ಅಂಚನ್ನು ಹಳೆಯ ಪ್ಲಾಸ್ಟಿಕ್ ಕಾರ್ಡಿನಿಂದ ಮೆಲ್ಲನೆ ಎಬ್ಬಿಸಿ; ಚಾಕು ಬೇಡ. ಹಟ ಮಾಡಿದರೆ ಎಲ್ಲೋ ಒಂದು ಸ್ಕ್ರೂ ಉಳಿದಿದೆ ಎಂದರ್ಥ. ಒಳಗೆ ಕೈ ಹಾಕುವ ಮುನ್ನ ಬಣ್ಣವಿಲ್ಲದ ಲೋಹವೊಂದನ್ನು ಮುಟ್ಟಿ ಮೈಯ ವಿದ್ಯುತ್ತು ಕಳೆದುಕೊಳ್ಳಿ. ಹಳೆಯ ಡಿಸ್ಕನ್ನು ಅಡ್ಡಕ್ಕೆ ಸರಿಸಿದರೆ ಕೊಂಡಿಯಿಂದ ಬಿಡಿಸಿಕೊಳ್ಳುತ್ತದೆ. ಅದರ ತಗಡಿನ ಚೌಕಟ್ಟನ್ನು ಹೊಸದಕ್ಕೆ ತೊಡಿಸಿ ಹಾಗೆಯೇ ಕೂರಿಸಿ. ಮುಚ್ಚುವ ಮೊದಲು ಫ್ಯಾನಿನ ಧೂಳನ್ನು ಮೆತ್ತನೆಯ ಕುಂಚದಿಂದ ತೆಗೆಯಿರಿ. ರ‍್ಯಾಮಿನ ಹೊಂಬಣ್ಣದ ಅಂಚನ್ನು ಶಾಲೆಯ ರಬ್ಬರಿನಿಂದ ಉಜ್ಜಿ ಒರೆಸಿ, ಓರೆಯಾಗಿ ತೂರಿಸಿ, ಕಟಕ್ಕೆನ್ನುವವರೆಗೆ ಒತ್ತಿ. ನಮ್ಮ ಪರಿಚಯದ ಗುಮಾಸ್ತರೊಬ್ಬರಿಗೆ ಒಂದು ಅಂಗಡಿಯವರು 'ಮದರ್‌ಬೋರ್ಡೇ ಹೋಗಿದೆ' ಎಂದು ಹೇಳಿ ಸಾವಿರಾರು ರೂಪಾಯಿಯ ಲೆಕ್ಕ ಕೊಟ್ಟಿದ್ದರು. ಎರಡು ರೂಪಾಯಿಯ ರಬ್ಬರಿನಿಂದ ಆ ಯಂತ್ರ ಎದ್ದು ಕುಳಿತಿತು.

ವಿಂಡೋಸ್ ೧೦ಕ್ಕೆ ಮೈಕ್ರೋಸಾಫ್ಟಿನವರ ಸಾಮಾನ್ಯ ಬೆಂಬಲ ೨೦೨೫ರ ಅಕ್ಟೋಬರ್ ೧೪ಕ್ಕೆ ಮುಗಿಯಿತು. ಹಳೆಯ ಯಂತ್ರಗಳಲ್ಲಿ ಹಲವಕ್ಕೆ ವಿಂಡೋಸ್ ೧೧ರ ಅರ್ಹತೆ ಇಲ್ಲ. ಅಂಥವಕ್ಕೆ ಲಿನಕ್ಸ್ ಮಿಂಟ್ ಎಂಬುದು ಹಣ ಕೊಡದೆ ದೊರೆಯುತ್ತದೆ. ಅದರಲ್ಲಿ 'ಕಗಪ' ಕೀಲಿಮಣೆಯನ್ನು ಆರಿಸಿಕೊಂಡರೆ ಊರಿಗೆ ಕನ್ನಡದಲ್ಲೇ ಕಾಗದ ಬರೆಯಬಹುದು.

ಸಾಮಾನು ಇಡುವ ಬಗೆಯನ್ನೂ ಒಂದು ಮಾತು ಹೇಳಬೇಕು. ಚಾಳಿನಲ್ಲಿ ಗ್ಯಾರೇಜಿಲ್ಲ, ಒಂದು ಬಿಸ್ಕತ್ತಿನ ಡಬ್ಬವೇ ನಮ್ಮ ಕಾರ್ಖಾನೆ. ಸಣ್ಣ ಸ್ಕ್ರೂಡ್ರೈವರ್, ಕುಂಚ, ರಬ್ಬರ್, ಹಳೆಯ ಕಾರ್ಡು, ಅಷ್ಟೇ ಸಾಕು. ಚಾರ್ಜರುಗಳನ್ನು ಮಾತ್ರ ಗಂಟು ಕಟ್ಟಿ ಒಂದರೊಳಗೊಂದು ತುರುಕಬೇಡಿ. ಲ್ಯಾಪ್‌ಟಾಪಿನದು ಸಾಮಾನ್ಯವಾಗಿ ೧೯ ವೋಲ್ಟು, ಇಂಟರ್ನೆಟ್ಟಿನ ರೌಟರಿನದು ೧೨ ಅಥವಾ ೯; ಮೂತಿ ಮಾತ್ರ ಒಂದರಂತೆ ಒಂದು ಕಾಣುವುದುಂಟು. ಕತ್ತಲಲ್ಲಿ ತಡಕಿ ಸಿಕ್ಕಿದ್ದನ್ನು ಸಿಕ್ಕಿಸಿದರೆ ರೌಟರು ಸುಟ್ಟಿತು. ಪ್ರತಿಯೊಂದರ ತಂತಿಗೂ ಚೀಟಿ ಸುತ್ತಿ, ಯಾವುದರದು, ಎಷ್ಟು ವೋಲ್ಟು ಎಂದು ದಪ್ಪಕ್ಷರದಲ್ಲಿ ಬರೆಯಿರಿ.

ಕಡೆಗೆ, ತೆಗೆದ ಹಳೆಯ ಡಿಸ್ಕು. ಅದು ಇನ್ನೂ ಓಡುತ್ತಿದ್ದರೆ ಯು.ಎಸ್.ಬಿ. ಕವಚವೊಂದನ್ನು ಕೊಂಡು ತೊಡಿಸಿ, ನಕಲು ಇಡಲು ಬಳಸಬಹುದು. ಟಕ ಟಕ ಸದ್ದು ಮಾಡುವಂಥದನ್ನು ನಂಬಬೇಡಿ. ಮಾರುವುದಾದರೆ ಎಚ್ಚರ. 'ಡಿಲೀಟ್' ಒತ್ತಿದ ಮಾತ್ರಕ್ಕೆ ಅದರಲ್ಲಿರುವುದು ಅಳಿಯುವುದಿಲ್ಲ. ಆಧಾರ್ ನಕಲು, ಪಾಸ್‌ಬುಕ್ಕಿನ ಚಿತ್ರ, ಸಂಬಳದ ಚೀಟಿ, ಎಲ್ಲವನ್ನೂ ತಿಳಿದವನು ಮತ್ತೆ ಹೊರತೆಗೆಯಬಲ್ಲ. ಆದಿಯಿಂದ ಅಂತ್ಯದವರೆಗೆ ಸೊನ್ನೆ ತುಂಬಿಸುವ ತಂತ್ರಾಂಶದಿಂದ ಪೂರ್ತಿ ಅಳಿಸಿ ಕೊಡಿ. ಕೆಟ್ಟು ನಿಂತದ್ದಾದರೆ ತಟ್ಟೆಗೇ ತೂತು ಕೊರೆಸಿ. ಆದರೆ ಲ್ಯಾಪ್‌ಟಾಪಿನ ಡಿಸ್ಕಿನ ತಟ್ಟೆ ಹಲವು ವೇಳೆ ಗಾಜಿನದು, ಕಣ್ಣಿಗೆ ಕನ್ನಡಕವಿಲ್ಲದೆ ಆ ಕೆಲಸಕ್ಕೆ ಕೈ ಹಾಕಕೂಡದು.