ಅಂಬೆಗಾಲಿಡದ ಕೂಸಿಗೆ ವಾಕರ್ ಬೇಕೆ?

ಪ್ರಶ್ನೆ: ಡಾಕ್ಟರೇ, ಮಗಳಿಗೆ ಹತ್ತು ತಿಂಗಳು ತುಂಬಿತು. ಚೆನ್ನಾಗಿ ಕೂರುತ್ತಾಳೆ, ಕೂತಲ್ಲಿಂದಲೇ ಜರುಗುತ್ತಾ ಮನೆಯೆಲ್ಲ ಸುತ್ತುತ್ತಾಳೆ. ಆದರೆ ಅಂಬೆಗಾಲಿಟ್ಟಿಲ್ಲ. ಪಕ್ಕದ ಮನೆಯ ಮಗು ಒಂಬತ್ತಕ್ಕೇ ಎದ್ದು ನಿಂತಿತು. ಹೊಸೂರಿನಿಂದ ವಾಕರ್ ತರಲೇ?
– ಒಬ್ಬ ತಾಯಿ, ಕೆಲಮಂಗಲ

ಉತ್ತರ: ವಾಕರ್ ತರಬೇಡಿ. ಅಂಬೆಗಾಲಿನ ಬಗ್ಗೆ ಗಾಬರಿಯೂ ಬೇಡ. ವಿಶ್ವ ಆರೋಗ್ಯ ಸಂಸ್ಥೆ ಭಾರತ, ಘಾನಾ, ನಾರ್ವೆ, ಒಮಾನ್, ಅಮೆರಿಕಗಳ ಆರೋಗ್ಯವಂತ ಮಕ್ಕಳನ್ನು ಗಮನಿಸಿ 2006ರಲ್ಲಿ ಒಂದು ಅಧ್ಯಯನ ಪ್ರಕಟಿಸಿತು. ಅದರ ಪ್ರಕಾರ ಆಸರೆಯಿಲ್ಲದೆ ಕೂರುವ ಕಾಲ 3.8ರಿಂದ 9.2 ತಿಂಗಳು, ಅಂಬೆಗಾಲಿಡುವ ಕಾಲ 5.2ರಿಂದ 13.5, ತಾನೇ ನಡೆಯುವ ಕಾಲ 8.2ರಿಂದ 17.6. ಪಕ್ಕದ ಮನೆಯ ಮಗುವೂ ನಿಮ್ಮ ಮಗಳೂ ಈ ಅಂತರದೊಳಗೇ ಇದ್ದಾರೆ. ಅದೇ ಅಧ್ಯಯನದಲ್ಲಿ ನೂರಕ್ಕೆ ನಾಲ್ಕರಷ್ಟು ಮಕ್ಕಳು ಅಂಬೆಗಾಲಿಡಲೇ ಇಲ್ಲ. ಅಮೆರಿಕದ ರೋಗ ನಿಯಂತ್ರಣ ಕೇಂದ್ರ 2022ರಲ್ಲಿ ಅಂಬೆಗಾಲನ್ನು ತನ್ನ ಬೆಳವಣಿಗೆಯ ಪಟ್ಟಿಯಿಂದಲೇ ಕೈಬಿಟ್ಟಿತು. ಫಿಸಿಯೋಥೆರಪಿಸ್ಟರಲ್ಲಿ ಹಲವರು ಇದನ್ನು ಒಪ್ಪಲಿಲ್ಲ. ಅಂಬೆಗಾಲಿನಿಂದ ಭುಜ, ಮಣಿಕಟ್ಟು ಗಟ್ಟಿಯಾಗುತ್ತವೆ ಎನ್ನುತ್ತಾರೆ. ಅದರಲ್ಲಿ ಹುರುಳಿದೆ. ಆದರೆ ಅದು ಒಳ್ಳೆಯ ವ್ಯಾಯಾಮ ಎನ್ನುವುದು ಬೇರೆ, ಅದಿಲ್ಲದಿದ್ದರೆ ರೋಗ ಎನ್ನುವುದು ಬೇರೆ.

ವಾಕರ್ ಯಾಕೆ ಬೇಡ? ನಡೆಯಲು ಮಗು ತನ್ನ ಭಾರವನ್ನು ತಾನೇ ಹೊತ್ತು, ಓಲಾಡಿ, ಬಿದ್ದು, ಮತ್ತೆ ಏಳಬೇಕು. ವಾಕರಿನಲ್ಲಿ ಭಾರವೆಲ್ಲ ಸೀಟಿನ ಮೇಲೆ. ಮಗು ಕಾಲ್ಬೆರಳಿನಿಂದ ನೆಲ ಒದ್ದು ಮುಂದೆ ಹೋಗುತ್ತದೆ, ತನ್ನ ಪಾದವೂ ಅದಕ್ಕೆ ಕಾಣದು. ಐರ್ಲೆಂಡಿನ ಮಕ್ಕಳ ಕುರಿತು 2002ರಲ್ಲಿ ಬಂದ ವರದಿಯೊಂದರಲ್ಲಿ, ವಾಕರಿನಲ್ಲಿ ಒಟ್ಟು 24 ಗಂಟೆ ಕಳೆದರೆ ತಾನೇ ನಡೆಯುವುದು ಸುಮಾರು ಮೂರು ದಿನ ತಡವಾಗುತ್ತಿತ್ತು. ‘ನಮ್ಮ ಮನೆಯ ಮಕ್ಕಳೆಲ್ಲ ವಾಕರಿನಲ್ಲೇ ಬೆಳೆದರು, ಚೆನ್ನಾಗಿಯೇ ನಡೆಯುತ್ತಾರಲ್ಲ’ ಎಂದು ಹಿರಿಯರು ಕೇಳಬಹುದು. ನಿಜ, ಅವರು ನಡೆದರು. ವಾಕರ್ ಇಲ್ಲದಿದ್ದರೂ ನಡೆಯುತ್ತಿದ್ದರು. ಮೂರು ದಿನದ ತಡಕ್ಕಿಂತ ನನಗೆ ಭಯವಿರುವುದು ಮೆಟ್ಟಿಲಿನದು, ಒಲೆಯದು, ಬಿಸಿನೀರಿನದು. ಗಾಲಿಯ ಮೇಲಿನ ಮಗು ನಾವು ಕೈಚಾಚುವಷ್ಟರಲ್ಲಿ ಅಲ್ಲಿ ತಲುಪಿರುತ್ತದೆ. ಕೆನಡಾ 2004ರಲ್ಲೇ ವಾಕರನ್ನು ನಿಷೇಧಿಸಿತು. ನಮ್ಮ ಹಳೆಯ ಮರದ ಮೂರುಗಾಲಿ ಬಂಡಿಯ ಮಾತು ಬೇರೆ. ಅದನ್ನು ಮಗು ತನ್ನ ಕಾಲ ಮೇಲೆ ನಿಂತು ತಳ್ಳುತ್ತದೆ. ಹಿಡಿದು ನಿಲ್ಲಲು ಕಲಿತ ಮೇಲೆ, ದೊಡ್ಡವರು ಪಕ್ಕದಲ್ಲಿದ್ದರೆ, ಕೊಡಬಹುದು.

ಈಗ ಬೇಕಾದದ್ದು ನೆಲ. ತೋಟದ ಕೆಲಸ, ಹೊಸೂರಿನ ಕಾರ್ಖಾನೆಯ ಪಾಳಿ ಇರುವ ಮನೆಗಳಲ್ಲಿ ಮಗು ಜೋಲಿಯಲ್ಲೋ ಕಂಕುಳಲ್ಲೋ ಹೊತ್ತು ಕಳೆಯುವುದು ಸಹಜ, ಅದು ತಾಯಿಯ ತಪ್ಪಲ್ಲ. ನಮ್ಮ ಕಡೆಯ ಚಳಿಗೆ ನೆಲ ತಣ್ಣಗಿರುತ್ತದೆ ಎಂಬ ಅಂಜಿಕೆಯೂ ನ್ಯಾಯವೇ. ಚಾಪೆಯ ಮೇಲೆ ಕಂಬಳಿ ಹಾಸಿ, ಬರಿಗಾಲಲ್ಲಿ ಬಿಡಿ. ದಿನಕ್ಕೆ ಹಲವು ಸಲ ಬೋರಲು ಮಲಗಿಸಿ ಆಡಿಸಿ (ಎಚ್ಚರವಿರುವಾಗ ಮಾತ್ರ, ನಿದ್ದೆಗೆ ಅಂಗಾತವೇ ಸರಿ). ಆಟಿಕೆಯನ್ನು ಕೈಗೆ ಕೊಡದೆ ತುಸು ದೂರದಲ್ಲಿಡಿ.

ಹಾಗೆಂದು ‘ಅವಳಪ್ಪನೂ ತಡವಾಗಿ ನಡೆದವನೇ’ ಎಂದು ಎಲ್ಲ ತಡವನ್ನೂ ತಳ್ಳಿಹಾಕುವುದನ್ನು ನಾನು ಒಪ್ಪುವುದಿಲ್ಲ. ಅವಧಿಗೆ ಮೊದಲೇ ಹುಟ್ಟಿದ ಮಗುವಿನ ವಯಸ್ಸನ್ನು ಹೆರಿಗೆಗೆ ಕೊಟ್ಟಿದ್ದ ದಿನಾಂಕದಿಂದ ಎಣಿಸಬೇಕು. ಹಾಗೆ ಎಣಿಸಿದ ಮೇಲೂ ಐದು ತಿಂಗಳಿಗೆ ಕತ್ತು ನಿಲ್ಲದಿದ್ದರೆ, ಒಂಬತ್ತಕ್ಕೆ ಕೂರದಿದ್ದರೆ, ಹದಿನೆಂಟಕ್ಕೆ ನಡೆಯದಿದ್ದರೆ ತೋರಿಸಲೇಬೇಕು. ಮೈ ಸೆಟೆದಿದ್ದರೆ ಅಥವಾ ತೀರಾ ಸಡಿಲವಿದ್ದರೆ, ವರ್ಷ ತುಂಬುವ ಮೊದಲೇ ಒಂದೇ ಕೈ ಬಳಸುತ್ತಿದ್ದರೆ, ಜರುಗುವಾಗ ಒಂದು ಕಾಲು ಎಳೆಯುತ್ತಿದ್ದರೆ, ಕಲಿತದ್ದನ್ನು ಮರೆತರೆ, ತಿಂಗಳ ಲೆಕ್ಕವನ್ನೇ ಬಿಟ್ಟು ಕೂಡಲೇ ಹೊರಡಿ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಇಂಥ ತಪಾಸಣೆ ಉಚಿತ. ಒಂಬತ್ತು ತಿಂಗಳ ದಡಾರ ಲಸಿಕೆ ಆದ ಮೇಲೆ ಮುಂದಿನದು ಹದಿನಾರನೇ ತಿಂಗಳಿಗೆ. ನಿಮ್ಮ ಮಗಳಲ್ಲಿ ಈ ಲಕ್ಷಣಗಳಲ್ಲಿ ಒಂದು ಕಂಡರೂ ಅಷ್ಟು ದಿನ ಕಾಯಬೇಡಿ. ಇದೇ ವಾರ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದೊಯ್ಯಿರಿ.