ಮಸಾಯಿ ಮಾರಾಕ್ಕೆ ಹೊರಟವರಿಗೆ: ಮಾಡಬೇಕಾದ್ದು, ಮಾಡಬಾರದ್ದು

ಜುಲೈಯಿಂದ ಅಕ್ಟೋಬರ್‌ವರೆಗಿನ ಹಂಗಾಮಿನಲ್ಲಿ ನಮ್ಮೊಂದಿಗೆ ಕೀನ್ಯಾದ ಮಸಾಯಿ ಮಾರಾಕ್ಕೆ ಹೊರಟಿರುವ ಪ್ರತಿಯೊಬ್ಬರೂ ಇದನ್ನು ಪೂರ್ತಿ ಓದಬೇಕು. ‘ಅಲ್ಲಿಗೆ ಹೋದಮೇಲೆ ನೋಡಿಕೊಂಡರಾಯಿತು’ ಎನ್ನುವಂತಿಲ್ಲ. ಅಲ್ಲಿ ಹೋದಮೇಲೆ ನೋಡಿಕೊಳ್ಳಲು ಸಿಂಹಗಳಿವೆ.

ಗಾಡಿಯಲ್ಲಿ

ಚಾಲಕನ ಬೆನ್ನು ತಟ್ಟಬೇಡಿ. ಒಂದೇ ಒಂದು ಸಾಲು ನೆನಪಿನಲ್ಲಿ ಉಳಿಯುವುದಾದರೆ ಇದು ಉಳಿಯಲಿ. ಮಾರಾದಲ್ಲಿ ನಿಯಮ ಮುರಿಯುವವನು ಚಾಲಕ. ಮುರಿಸುವುದು ಹಿಂದಿನ ಸೀಟು. ‘ಇನ್ನೊಂಚೂರು ಹತ್ತಿರ’, ‘ಆ ಗಾಡಿಯವರು ಹೋದರಲ್ಲ’, ‘ಟಿಪ್ಸ್ ಚೆನ್ನಾಗಿ ಕೊಡ್ತೀವಿ ಅಂತ ಹೇಳಿ’ ಎಂಬ ಪಿಸುಮಾತುಗಳನ್ನು ಹಲವು ಭಾಷೆಗಳಲ್ಲಿ ಕೇಳಿದ್ದೇನೆ, ಕನ್ನಡದಲ್ಲೂ ಕೇಳಿದ್ದೇನೆ. ದಂಡ ಬಿದ್ದರೆ ಅವನಿಗೆ, ಕೆಲಸ ಹೋದರೆ ಅವನದು, ಫೋಟೊ ಮಾತ್ರ ನಿಮ್ಮದು. ಅಲ್ಲಿನ ಮಾರ್ಗದರ್ಶಕರಲ್ಲಿ ಅನೇಕರು ಕೀನ್ಯಾದ ವೃತ್ತಿಪರ ಸಫಾರಿ ಮಾರ್ಗದರ್ಶಕರ ಸಂಘದ ಪರೀಕ್ಷೆ ಕಟ್ಟಿ ಕಂಚು, ಬೆಳ್ಳಿ, ಚಿನ್ನದ ಬಿಲ್ಲೆ ಪಡೆದವರು. ಹಕ್ಕಿಯ ಕೂಗಿನಿಂದ ಹಾವಿನ ಜಾಡು ಹೇಳಬಲ್ಲವರಿಗೆ ನಾವು ಗಾಡಿ ಎಲ್ಲಿ ನಿಲ್ಲಿಸಬೇಕೆಂದು ಕಲಿಸುವ ಅಗತ್ಯವಿಲ್ಲ. ಹೆಸರು ಕೇಳಿ, ಹೆಸರು ಹಿಡಿದು ಮಾತಾಡಿಸಿ. ‘ಪೊಲೆ ಪೊಲೆ’ ಎಂದರೆ ನಿಧಾನ ಎಂದರ್ಥ. ಚಾಲಕನಿಗೆ ನೀವು ಕೊಡಬಹುದಾದ ಆಜ್ಞೆ ಅದೊಂದೇ.

ನಿಯಮಗಳು ಇಷ್ಟು. ಪ್ರಾಣಿಯಿಂದ ಕನಿಷ್ಠ 25 ಮೀಟರ್ ದೂರ ಇರಬೇಕು. ಒಂದು ಪ್ರಾಣಿಯ ಬಳಿ ಏಕಕಾಲಕ್ಕೆ ಐದೇ ಗಾಡಿ. ಹಿಂದೆ ಬೇರೆಯವರು ಕಾಯುತ್ತಿದ್ದರೆ ಹತ್ತು ನಿಮಿಷದಲ್ಲಿ ಜಾಗ ಬಿಡಬೇಕು. ದಾರಿ ಬಿಟ್ಟು ಹುಲ್ಲಿಗೆ ಇಳಿಯುವಂತಿಲ್ಲ. ಗಾಡಿಯಿಂದ ಇಳಿಯುವಂತಿಲ್ಲ, ಚಾವಣಿಯ ಮೇಲೆ ಹತ್ತಿ ಕೂರುವಂತಿಲ್ಲ. ಎಲ್ಲರೂ ಇದನ್ನು ಪಾಲಿಸುತ್ತಾರೆಯೇ? ಇಲ್ಲ. ಆಗಸ್ಟ್‌ನಲ್ಲಿ ಮರದ ಮೇಲೊಂದು ಚಿರತೆ ಕಂಡರೆ ಇಪ್ಪತ್ತು ಗಾಡಿ ಮುತ್ತುವುದೂ ಉಂಟು. ನಮ್ಮ ಗಾಡಿ ಅಲ್ಲಿ ಇಪ್ಪತ್ತೊಂದನೆಯದಾಗುವುದಿಲ್ಲ. ಚಾಲಕ ಬೇರೆ ದಾರಿ ಹಿಡಿದರೆ ಮುಖ ಊದಿಸಿಕೊಳ್ಳಬೇಡಿ.

ಹುಲ್ಲಿಗೆ ಇಳಿದರೆ ಏನು ಮಹಾ ಎನ್ನುವವರಿಗೆ: ಮಾರಾದಲ್ಲಿ ಅನೇಕ ಕಡೆ ಇರುವುದು ಕಪ್ಪು ಎರೆ ನೆಲ. ಗದಗ, ಧಾರವಾಡದ ಕಡೆಯವರಿಗೆ ಅದರ ಗುಣ ಬಿಡಿಸಿ ಹೇಳಬೇಕಿಲ್ಲ. ಮಳೆ ಬಿದ್ದರೆ ಲ್ಯಾಂಡ್ ಕ್ರೂಸರ್ ಕೂಡ ಅಚ್ಚಿನವರೆಗೆ ಹೂತುಹೋಗುತ್ತದೆ. ಒಣಗಿದ ಮೇಲೆ ಚಕ್ರದ ಗುರುತು ಹಾಗೆಯೇ ಗಟ್ಟಿಯಾಗುತ್ತದೆ. ಮುಂದಿನ ಗಾಡಿ ಅದನ್ನೇ ದಾರಿ ಎಂದುಕೊಳ್ಳುತ್ತದೆ.

ಜುಲೈಯಿಂದ ಡಿಸೆಂಬರ್‌ವರೆಗೆ ವಿದೇಶಿಯರಿಗೆ ಮಾರಾ ಅಭಯಾರಣ್ಯದ ಪ್ರವೇಶ ಶುಲ್ಕ ದಿನಕ್ಕೆ 200 ಡಾಲರ್. 2024ರಿಂದ ಈ ದರ. ದೊಡ್ಡ ಮೊತ್ತವೇ ಸರಿ. ಆದರೆ ಅದು ಒಳಗೆ ಬರಲು ಕೊಟ್ಟ ದುಡ್ಡು, ಸಿಂಹ ಎದ್ದು ನಿಲ್ಲಲು ಕೊಟ್ಟದ್ದಲ್ಲ. ಸಿಂಹ ದಿನದಲ್ಲಿ ಇಪ್ಪತ್ತು ಗಂಟೆಯವರೆಗೂ ಮಲಗುವ ಪ್ರಾಣಿ. ಚಪ್ಪಾಳೆ, ಶಿಳ್ಳೆ, ಗಾಡಿಯ ಬಾಗಿಲು ಬಡಿಯುವುದು, ಎಂಜಿನ್ ಗುರುಗುಟ್ಟಿಸುವುದು, ಯಾವುದೂ ಕೂಡದು. ಕಬಿನಿಯಲ್ಲಿ ಹುಲಿಯ ಬಾಲ ಮೂರು ಸೆಕೆಂಡು ಕಂಡರೆ ವಾರವಿಡೀ ಅದನ್ನೇ ಹೇಳಿಕೊಂಡು ತಿರುಗುವ ನಾವು, ಮಾರಾದಲ್ಲಿ ಇಡೀ ಸಿಂಹ ಕುಟುಂಬ ಒಂದು ಗಂಟೆ ಎದುರಿಗಿದ್ದರೂ ‘ಏಳ್ತಾನೇ ಇಲ್ವಲ್ಲ’ ಎನ್ನುತ್ತೇವೆ. ಮರಿ ತಾಯಿಯ ಕಿವಿ ಕಚ್ಚುವುದನ್ನು ನೋಡಿ, ಹೊಟ್ಟೆಯ ಏರಿಳಿತ ನೋಡಿ. ಅದು ಬೇಸರವೆನಿಸಿದರೆ ಸುಮ್ಮನೆ ಕೂತು ಹುಲ್ಲುಗಾವಲನ್ನು ನೋಡಿ.

‘ಬಿಗ್ ಫೈವ್’ ಪಟ್ಟಿ ಹಿಡಿದು ಟಿಕ್ ಹಾಕುವವರು ಆ ಪಟ್ಟಿಯನ್ನು ಮನೆಯಲ್ಲೇ ಬಿಟ್ಟು ಬರಲಿ. ಸಿಂಹ, ಚಿರತೆ, ಆನೆ, ಖಡ್ಗಮೃಗ, ಕಾಡೆಮ್ಮೆ: ಕಾಲ್ನಡಿಗೆಯಲ್ಲಿ ಬೇಟೆಯಾಡಲು ಅತಿ ಅಪಾಯಕಾರಿ ಎಂದು ಬಂದೂಕಿನವರು ಮಾಡಿಕೊಂಡ ಲೆಕ್ಕ ಅದು. ಕೀನ್ಯಾ 1977ರಲ್ಲೇ ಬೇಟೆ ನಿಷೇಧಿಸಿತು. ಖಡ್ಗಮೃಗ ಕಾಣಿಸುತ್ತದೆಂದು ನಾವು ಯಾರಿಗೂ ಮಾತು ಕೊಟ್ಟಿಲ್ಲ.

ಚೀತಾದ ವಿಷಯದಲ್ಲಿ ಇನ್ನೂ ಬಿಗಿ. ಅದು ಹಗಲಿನ ಬೇಟೆಗಾರ, ಕಣ್ಣಿನ ಬಲದಿಂದ ಬದುಕುವ ಪ್ರಾಣಿ. ಗಾಡಿಗಳು ಮುತ್ತಿಕೊಂಡರೆ ಬೇಟೆ ತಪ್ಪುತ್ತದೆ, ತಿನ್ನುತ್ತಿದ್ದುದನ್ನೂ ಬಿಟ್ಟು ಹೋಗುತ್ತದೆ. ಮಾರಾದಲ್ಲೇ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನವೊಂದರ ಲೆಕ್ಕ ಹೀಗಿದೆ: ಪ್ರವಾಸಿಗರು ಕಡಿಮೆ ಇರುವ ಕಡೆ ತಾಯಿ ಚೀತಾ ಒಂದು ಸೂಲಿನಲ್ಲಿ ಸರಾಸರಿ 2.3 ಮರಿಗಳನ್ನು ಸಾಕಿ ಬೆಳೆಸಿತು. ಪ್ರವಾಸಿಗರು ಹೆಚ್ಚಿರುವ ಕಡೆ 0.2. ಆ ಎರಡು ಅಂಕಿಗಳ ನಡುವೆ ನಮ್ಮ ಗಾಡಿಯೂ ಇದೆ. ಆದ್ದರಿಂದ ಮರಿಗಳಿರುವ ಚೀತಾದ ಹಿಂದೆ ನಾವು ಬೆನ್ನು ಹತ್ತುವುದಿಲ್ಲ. ಅದು ಬೇಟೆಗೆ ಹೊಂಚು ಹಾಕುತ್ತಿದ್ದರೆ ಎಂಜಿನ್ ಆರಿಸಿ ಇದ್ದಲ್ಲೇ ಇರುತ್ತೇವೆ. ಕೆಲವು ಚೀತಾಗಳು ದೂರ ನೋಡಲು ಗಾಡಿಯ ಮೇಲೇ ಹತ್ತುತ್ತವೆ. ಹತ್ತಿತೆಂದರೆ ಒಳಗೆ ಕೂತು ಸುಮ್ಮನಿರಿ, ಮುಟ್ಟಬೇಡಿ, ಸೆಲ್ಫಿಗೆ ಕೈ ಚಾಚಬೇಡಿ. ಅದು ಇಳಿದ ಮೇಲೆಯೇ ಗಾಡಿ ಕದಲುತ್ತದೆ.

ಅಂತ್ಯಾಕ್ಷರಿ ಬೇಡ. ಬ್ಲೂಟೂತ್ ಸ್ಪೀಕರ್ ಬೇಡ. ಡ್ರೋನ್ ತರಲೇಬೇಡಿ. ಮೂತ್ರಕ್ಕೆ ಹೋಗಬೇಕಿದ್ದರೆ ಸಂಕೋಚವಿಲ್ಲದೆ ಮೊದಲೇ ಹೇಳಿ. ಸುರಕ್ಷಿತ ಜಾಗ ಯಾವುದೆಂದು ಚಾಲಕನಿಗೆ ಗೊತ್ತು. ಪೊದೆ ಎಷ್ಟೇ ನಿರುಪದ್ರವಿಯಾಗಿ ಕಂಡರೂ ಅದರ ಹಿಂದೆ ಹೋಗುವ ತೀರ್ಮಾನ ನಿಮ್ಮದಲ್ಲ.

ನದಿಯ ದಂಡೆಯಲ್ಲಿ

ಹೆಚ್ಚಿನವರು ಬರುವುದೇ ಇದಕ್ಕಾಗಿ. ಟಾಂಜಾನಿಯಾದ ಸೆರೆಂಗೆಟಿಯಿಂದ ಮಾರಾದವರೆಗೆ ಮಳೆ ಮತ್ತು ಹೊಸ ಹುಲ್ಲಿನ ಬೆನ್ನು ಹತ್ತಿ ವರ್ಷವಿಡೀ ಸುತ್ತುವ ಸುಮಾರು 13 ಲಕ್ಷ ವಿಲ್ಡಬೀಸ್ಟ್‌ಗಳು, ಜೊತೆಗೆ ಲಕ್ಷಗಟ್ಟಲೆ ಜೀಬ್ರಾಗಳು. ಟಿ.ವಿ.ಯಲ್ಲಿ ಅವು ಮಾರಾ ನದಿ ದಾಟುವ ದೃಶ್ಯ ಮೂರು ನಿಮಿಷದ್ದು. ದಂಡೆಯಲ್ಲಿ ಅದು ಹಾಗಿರುವುದಿಲ್ಲ. ದೂರದಿಂದ ಧೂಳೆದ್ದು ಹಿಂಡು ಬರುತ್ತದೆ, ನಿಲ್ಲುತ್ತದೆ, ಹಿಂದಿನವು ಮುಂದಿನವನ್ನು ನೂಕುತ್ತವೆ. ಒಂದು ಧೈರ್ಯ ಮಾಡಿ ಇಳಿಜಾರಿಗೆ ಬಂದು ನೀರು ಮೂಸುತ್ತದೆ. ಎಲ್ಲೋ ಒಂದು ಜೀಬ್ರಾ ಬೆಚ್ಚಿ ಕೂಗಿತೆಂದರೆ ಮುಗಿಯಿತು, ಇಡೀ ಹಿಂಡು ತಿರುಗಿ ಓಟ ಕೀಳುತ್ತದೆ. ಮತ್ತೆ ಒಂದು ಗಂಟೆ. ಮತ್ತೆ ಅದೇ. ಸಂಜೆವರೆಗೆ ಕಾದು, ಹಿಂಡು ಆರಾಮಾಗಿ ಮೇಯುತ್ತಾ ಬೆನ್ನು ತಿರುಗಿಸಿ ಹೊರಟುಹೋದ ದಿನಗಳೂ ಇವೆ. ಅಂಥ ದಿನ ಶಿಬಿರಕ್ಕೆ ಮರಳುವಾಗ ಗಾಡಿಯಲ್ಲಿ ಯಾರೂ ಮಾತಾಡುವುದಿಲ್ಲ, ಚಾಲಕನೊಬ್ಬನನ್ನು ಬಿಟ್ಟರೆ. ಪಾಪ, ಅವನು ನರಿ ತೋರಿಸುತ್ತಿರುತ್ತಾನೆ.

ಮಾಡಬೇಕಾದ್ದು: ಮೊದಲ ಪ್ರಾಣಿಗಳು ನೀರಿಗಿಳಿದು ದಾಟಲು ತೊಡಗುವವರೆಗೆ ಗಾಡಿ ದಂಡೆಯಿಂದ ಚೆನ್ನಾಗಿ ಹಿಂದೆ ನಿಲ್ಲಬೇಕು. ಎಂಜಿನ್ ಆರಿರಬೇಕು, ಮಾತು ತಗ್ಗಿರಬೇಕು. ಕಾಯುವಾಗ ತಿನ್ನಲು ಬುತ್ತಿ ಇರುತ್ತದೆ.

ಮಾಡಬಾರದ್ದು: ಅವು ಇಳಿಯುವ ಅಥವಾ ಮೇಲೇರುವ ದಾರಿಗೆ ಅಡ್ಡ ನಿಲ್ಲುವುದು. ಆಚೆ ದಡದಲ್ಲಿ ಗಾಡಿಗಳ ಗೋಡೆ ಕಂಡರೆ ಮುಂದಿನವು ನೀರಿನಲ್ಲೇ ಹಿಂದಿರುಗುತ್ತವೆ, ಹಿಂದಿನವು ಅವುಗಳ ಮೇಲೇ ಬಂದು ಬೀಳುತ್ತವೆ. 2025ರ ಜುಲೈನಲ್ಲಿ ಟಾಂಜಾನಿಯಾದ ಕಡೆ, ಸೆರೆಂಗೆಟಿಯ ಕೊಗಾಟೆಂಡೆಯಲ್ಲಿ ಪ್ರವಾಸಿಗರು ಗಾಡಿಗಳಿಂದ ಇಳಿದು ದಂಡೆಯ ಉದ್ದಕ್ಕೂ ಸಾಲುಗಟ್ಟಿ ಹಿಂಡಿಗೆ ಅಡ್ಡ ನಿಂತ ವಿಡಿಯೊವನ್ನು ಜಗತ್ತೆಲ್ಲ ನೋಡಿತು, ಉಗಿಯಿತು. ನಮ್ಮ ತಂಡದವರು ಯಾರೇ ಆಗಲಿ ಅಂಥ ವಿಡಿಯೊದಲ್ಲಿ ಕಂಡುಬಂದರೆ ಅವರ ಪ್ರವಾಸ ಅಂದೇ ಮುಗಿಯುತ್ತದೆ. ಹಣ ವಾಪಸ್ ಇಲ್ಲ.

ಇನ್ನೊಂದು ಮಾತು. ಮೊಸಳೆ ಹಿಡಿದಾಗ, ಕಾಲು ಮುರಿದ ಮರಿ ಕಲ್ಲುಗಳ ನಡುವೆ ಸಿಕ್ಕಿಕೊಂಡಾಗ ‘ಏನಾದರೂ ಮಾಡಿ’ ಎಂದು ಅಳುವವರಿದ್ದಾರೆ. ಅಳಬಹುದು, ತಪ್ಪಿಲ್ಲ. ಏನೂ ಮಾಡುವಂತಿಲ್ಲ. ವರ್ಷಕ್ಕೆ ಸರಾಸರಿ 6,250 ವಿಲ್ಡಬೀಸ್ಟ್‌ಗಳು ಮಾರಾ ನದಿಯಲ್ಲಿ ಮುಳುಗಿ ಸಾಯುತ್ತವೆಂದು ಲೆಕ್ಕ ಹಾಕಿದ್ದಾರೆ. ಆ ಹೆಣಗಳು ರಣಹದ್ದಿಗೆ, ಮರಾಬೂ ಕೊಕ್ಕರೆಗೆ, ಮೊಸಳೆಗೆ, ಮೀನಿಗೆ ಹಂಚಿಹೋಗುತ್ತವೆ. ಮೂಳೆಗಳು ವರ್ಷಗಟ್ಟಲೆ ಕರಗುತ್ತಾ ನದಿಯನ್ನೇ ಸಾಕುತ್ತವೆ. ವಾಸನೆಗೆ ಮೂಗು ಮುಚ್ಚಿಕೊಳ್ಳಲು ಕರ್ಚೀಫು ಇರಲಿ. ಎಳೆ ಮಕ್ಕಳನ್ನು ಕರೆತರುವವರು ಈ ದೃಶ್ಯಕ್ಕೆ ಅವರನ್ನು ಊರಲ್ಲೇ ಸಜ್ಜುಗೊಳಿಸಿ.

ಶಿಬಿರದಲ್ಲಿ

ಮಾರಾದ ಬಹಳಷ್ಟು ಶಿಬಿರಗಳಿಗೆ ಬೇಲಿಯಿಲ್ಲ. ಕತ್ತಲಾದ ಮೇಲೆ ಡೇರೆಯಿಂದ ಊಟದ ಮನೆಗೆ ಹತ್ತು ಹೆಜ್ಜೆಯಿದ್ದರೂ ಕಾವಲುಗಾರ ಬರುವವರೆಗೆ ಹೊರಡಬೇಡಿ. ಹಗಲೆಲ್ಲ ನೀರಿನಲ್ಲಿ ಮೂಗು ಮಾತ್ರ ತೋರಿಸುವ ನೀರಾನೆ ರಾತ್ರಿ ಮೇಯಲು ದಡಕ್ಕೆ ಬರುತ್ತದೆ. ಅದಕ್ಕೂ ನೀರಿಗೂ ನಡುವೆ ಸಿಕ್ಕಿದವನ ಕಥೆ ಅಲ್ಲಿಗೆ ಮುಗಿಯಿತು. ಡೇರೆಯ ಜಿಪ್ ಹಗಲೂ ಪೂರ್ತಿ ಎಳೆದಿರಬೇಕು. ಕೋತಿಗಳಿಗೆ ಅರ್ಧ ಜಿಪ್ ಸಾಕು. ನಂದಿ ಬೆಟ್ಟದಲ್ಲಿ ಬಾಳೆಹಣ್ಣು ಕೊಟ್ಟು ರೂಢಿಯಾದ ಕೈಗಳನ್ನು ಜೇಬಿನಲ್ಲಿಟ್ಟುಕೊಳ್ಳಿ.

ಸಸ್ಯಾಹಾರಿಗಳು ಮುಂಚಿತವಾಗಿ ತಿಳಿಸಿದರೆ ತೊಂದರೆಯಿಲ್ಲ. ಅಲ್ಲಿನವರ ನಿತ್ಯದ ಊಟದಲ್ಲೇ ಚಪಾತಿ ಇದೆ, ಬೀನ್ಸ್ ಕಾಳಿದೆ, ಸುಕುಮಾ ವಿಕಿ ಎಂಬ ಸೊಪ್ಪಿನ ಪಲ್ಯವಿದೆ. ಮೆಕ್ಕೆಜೋಳದ ಉಗಾಲಿಯನ್ನು ನಮ್ಮ ಮುದ್ದೆಯಂತೆ ನುಂಗಲು ಹೋಗಬೇಡಿ, ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ಬೆರಳಲ್ಲಿ ಒತ್ತಿ, ಸೊಪ್ಪಿನ ಜೊತೆ ಅಗಿದು ತಿನ್ನಿ.

ರಾತ್ರಿ ಸಫಾರಿ, ಕಾಲ್ನಡಿಗೆ ಸಫಾರಿ ಬೇಕೆಂದು ಅಭಯಾರಣ್ಯದೊಳಗೆ ಹಟ ಹಿಡಿಯಬೇಡಿ. ಸುತ್ತಲಿನ ಕನ್ಸರ್ವೆನ್ಸಿಗಳಲ್ಲಿ, ಅಂದರೆ ಮಸಾಯಿ ಕುಟುಂಬಗಳು ಗುತ್ತಿಗೆಗೆ ಕೊಟ್ಟ ಜಮೀನಿನಲ್ಲಿ ಮಾತ್ರ ಅದಕ್ಕೆ ಅವಕಾಶ.

ಊರಿನವರೊಂದಿಗೆ

ಮಸಾಯಿ ಹಟ್ಟಿಗೆ ಹೋಗುವ ಮುಂಚೆ ಶುಲ್ಕ ಎಷ್ಟು, ಯಾರ ಕೈಗೆ ಎಂದು ಕೇಳಿ ತಿಳಿಯಿರಿ. ಒಳಗೆ ಹೋದಮೇಲೆ ಚೌಕಾಸಿ ಬೇಡ. ಕೇಳದೆ ಯಾರ ಫೋಟೊವನ್ನೂ ತೆಗೆಯಬೇಡಿ; ಮಕ್ಕಳದ್ದಂತೂ ಬೇಡವೇ ಬೇಡ. ಚಾಕೊಲೇಟು, ಪೆನ್ನು ಹಂಚಬೇಡಿ. ಅದರಿಂದ ಮಕ್ಕಳು ಶಾಲೆ ಬಿಟ್ಟು ಗಾಡಿಯ ಹಿಂದೆ ಓಡುವುದನ್ನು ಕಲಿಯುತ್ತಾರೆ.

ದಂತ, ಹಲ್ಲು, ಉಗುರು, ಚರ್ಮ ಯಾವುದನ್ನೂ ಕೊಳ್ಳಬೇಡಿ. ನೆಲದಲ್ಲಿ ಬಿದ್ದ ಮುಳ್ಳುಹಂದಿಯ ಮುಳ್ಳು, ಗರಿ, ಕೊಂಬು ಕೂಡ ಹೆಕ್ಕಬೇಡಿ. 2016ರಲ್ಲಿ ನೈರೋಬಿಯಲ್ಲಿ 105 ಟನ್ ಆನೆದಂತಕ್ಕೆ ಬೆಂಕಿಯಿಟ್ಟ ದೇಶ ಅದು. ವಿಮಾನ ನಿಲ್ದಾಣದಲ್ಲಿ ‘ಗೊತ್ತಿರಲಿಲ್ಲ’ ಎಂದರೆ ಕೇಳುವವರಿಲ್ಲ.

ಟಿಪ್ಸ್ ಕೊನೆಯ ದಿನ, ಲಕೋಟೆಯಲ್ಲಿ. ಚಿರತೆ ಕಂಡ ಗಳಿಗೆಯಲ್ಲೇ ಕೈಗೆ ನೋಟು ತುರುಕಿದರೆ ಮರುದಿನ ಆ ಚಾಲಕ ಯಾವ ಲೆಕ್ಕದಲ್ಲಿ ಗಾಡಿ ಓಡಿಸುತ್ತಾನೆಂದು ನೀವೇ ಯೋಚಿಸಿ. ಡಾಲರ್ ನೋಟುಗಳು ಹೊಸದಾಗಿರಲಿ. ಹಳೆಯವನ್ನೂ ಹರಿದವನ್ನೂ ತೆಗೆದುಕೊಳ್ಳುವುದಿಲ್ಲ.

ಹೊರಡುವ ಮುಂಚೆ

ಇದನ್ನು ಮೊದಲೇ ಬರೆಯಬೇಕಿತ್ತಲ್ಲ ಎನ್ನಬಹುದು. ಬರೆದರೆ ಇಷ್ಟನ್ನೇ ಓದಿ ಕಾಗದ ಮಡಿಸಿಡುವವರಿದ್ದಾರೆ, ಅದಕ್ಕೇ ಕೊನೆಗಿಟ್ಟೆ.

ಪ್ಲಾಸ್ಟಿಕ್ ಚೀಲಗಳನ್ನು ಕೀನ್ಯಾ 2017ರಿಂದ ನಿಷೇಧಿಸಿದೆ. ಸಂರಕ್ಷಿತ ಪ್ರದೇಶಗಳಲ್ಲಿ ಒಮ್ಮೆ ಬಳಸಿ ಬಿಸಾಡುವ ಬಾಟಲಿ, ಸ್ಟ್ರಾ, ತಟ್ಟೆಗಳೂ 2020ರ ಜೂನ್‌ನಿಂದ ಕೂಡದು. ಚಕ್ಕುಲಿ, ಚಟ್ನಿಪುಡಿಯನ್ನು ಕವರಿನಲ್ಲಿ ಕಟ್ಟಿಕೊಂಡು ಬರಬೇಡಿ. ಸ್ಟೀಲ್ ಡಬ್ಬಿ, ಬಟ್ಟೆ ಚೀಲ, ಸ್ಟೀಲ್ ಬಾಟಲಿ ತನ್ನಿ.

ನೈರೋಬಿಯ ವಿಲ್ಸನ್ ನಿಲ್ದಾಣದಿಂದ ಮಾರಾಕ್ಕೆ ಹಾರುವ ಸಣ್ಣ ವಿಮಾನದಲ್ಲಿ ಒಬ್ಬರಿಗೆ 15 ಕಿಲೊ, ಅದೂ ಮೆತ್ತನೆಯ ಚೀಲದಲ್ಲಿ. ಗಾಲಿಯ ಗಟ್ಟಿ ಸೂಟ್‌ಕೇಸು ತಂದವರು ಅದನ್ನು ನೈರೋಬಿಯಲ್ಲೇ ಬಿಟ್ಟು ಬರಬೇಕಾಗುತ್ತದೆ.

ಬಟ್ಟೆ ಮಣ್ಣಿನ ಬಣ್ಣದ್ದಿರಲಿ. ನೀಲಿ, ಕಪ್ಪು ಬೇಡ. ತ್ಸೆತ್ಸೆ ನೊಣಕ್ಕೆ ಆ ಬಣ್ಣಗಳೆಂದರೆ ಇಷ್ಟ, ನೊಣ ಹಿಡಿಯುವ ಬಲೆಗಳನ್ನೂ ಅವೇ ಬಣ್ಣದಲ್ಲಿ ಮಾಡುತ್ತಾರೆ. ಸೈನಿಕರ ಮಾದರಿಯ ಮಚ್ಚೆ ಮಚ್ಚೆ ಬಟ್ಟೆಯನ್ನು ಕೀನ್ಯಾದಲ್ಲಿ ನಾಗರಿಕರು ತೊಡುವಂತಿಲ್ಲ. ಬಂಡೀಪುರಕ್ಕೆ ಹಾಕಿಕೊಂಡು ಹೋಗುವ ಆ ಟೀಶರ್ಟು ಅಲ್ಲಿಗೇ ಇರಲಿ. ಮಾರಾ ಸಮುದ್ರಮಟ್ಟದಿಂದ 1,500 ಮೀಟರ್‌ಗೂ ಎತ್ತರದಲ್ಲಿದೆ. ಆಫ್ರಿಕಾ ಅಂದರೆ ಸೆಕೆ ಎಂದುಕೊಂಡು ಬಂದವರು ಜುಲೈ ಬೆಳಗಿನ ಆರಕ್ಕೆ ತೆರೆದ ಗಾಡಿಯಲ್ಲಿ ಹಲ್ಲು ಕಟಕಟಿಸುತ್ತಾ ಕೂತಿರುತ್ತಾರೆ. ಸ್ವೆಟರು, ಟೋಪಿ ಎರಡೂ ಬೇಕು. ದುರ್ಬೀನು ಮನೆಗೊಂದಲ್ಲ, ತಲೆಗೊಂದು. ಒಂದನ್ನೇ ಹಂಚಿಕೊಳ್ಳುವ ಗಂಡಹೆಂಡಿರ ಜಗಳಕ್ಕೆ ಇಂಪಾಲಾಗಳು ಓಡಿಹೋಗುತ್ತವೆ.

ಮಲೇರಿಯಾ ಮಾತ್ರೆಯ ಬಗ್ಗೆ ನಿಮ್ಮ ವೈದ್ಯರನ್ನು ಕೇಳಿ, ನಮ್ಮನ್ನಲ್ಲ.

2024ರ ಜನವರಿಯಿಂದ ಕೀನ್ಯಾಕ್ಕೆ ವೀಸಾ ಇಲ್ಲ, ಆದರೆ ಆನ್‌ಲೈನ್‌ನಲ್ಲಿ ಇಟಿಎ ಅನುಮತಿ ಪಡೆಯಲೇಬೇಕು. ಹಳದಿ ಜ್ವರದ ಲಸಿಕೆಯನ್ನು ಪ್ರಯಾಣಕ್ಕೆ ಕನಿಷ್ಠ ಹತ್ತು ದಿನ ಮುಂಚೆ, ಸರ್ಕಾರ ಗೊತ್ತುಮಾಡಿದ ಕೇಂದ್ರದಲ್ಲೇ ಹಾಕಿಸಿಕೊಳ್ಳಬೇಕು. ಅರವತ್ತು ದಾಟಿದವರು, ಗರ್ಭಿಣಿಯರು, ಮೊಟ್ಟೆಯ ಅಲರ್ಜಿ ಇರುವವರು ಮೊದಲು ವೈದ್ಯರನ್ನು ಕಾಣಲಿ. ಒಮ್ಮೆ ಹಾಕಿಸಿಕೊಂಡರೆ ಜೀವಮಾನಕ್ಕೆ ಸಾಕು. ಆ ಹಳದಿ ಕಾರ್ಡನ್ನು ಹೆಚ್ಚು ಕಟ್ಟುನಿಟ್ಟಾಗಿ ಕೇಳುವುದು ಹೋಗುವಾಗ ಅಲ್ಲ, ಮರಳಿ ಭಾರತಕ್ಕೆ ಇಳಿದಾಗ. ಇಲ್ಲದವರನ್ನು ಆರು ದಿನಗಳವರೆಗೆ ಪ್ರತ್ಯೇಕವಾಗಿ ಇರಿಸಬಹುದು. ಕಾರ್ಡು ಪಾಸ್‌ಪೋರ್ಟಿನ ಜೊತೆ ಕೈಚೀಲದಲ್ಲಿರಲಿ, ಲಗೇಜಿನಲ್ಲಲ್ಲ. ಅದರ ಫೋಟೊ ನಮಗೆ ತಲುಪುವವರೆಗೆ ಯಾರ ಟಿಕೆಟನ್ನೂ ಕಾಯ್ದಿರಿಸುವುದಿಲ್ಲ.